ಬಾಸು ಬೈಯುತ್ತಿಲ್ಲವೆಂಬ ಚಿಂತೆ

ಬೇಡದ ಮಾತುಗಳಿಗೆ ನನ್ನ ಕಿವಿಯೇ ಬೇಕು. ಸ್ಟಾಕ್‌ಹೋಮಿನಲ್ಲಿರುವ ಮಗಳ ಮನೆಗೆ ಬಂದರೂ ಬಿಡದೆ ಹುಡುಕಿಕೊಂಡು ಬಂದವು.

ಅರ್ಥ

ಅಳಿಯಂದಿರ ಆಫೀಸಿಗೆ ಲಂಡನ್ನಿನಿಂದ ಹೊಸ ಬಾಸು ಬಂದಿದ್ದ. ಬಾಯಿ ಬಿಟ್ಟರೆ ಬೈಗುಳವಂತೆ. ಅದೇ ಆಫೀಸಿನ ದಾವಣಗೆರೆಯವನು ಮನೆಗೆ ಬಂದಾಗ ಕೇಳಿಯೇಬಿಟ್ಟೆ, "ಏನಂತ ಬೈತಾನಪ್ಪ?"

"ಬೇಡಮ್ಮಾ, ಕೇಳಿದ್ರೆ ಎದ್ದು ಹೋಗ್ತೀರಿ."

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ಪಾಪ, ಹೇಳಿದ. ಬೊಲಕ್ಸ್ ಎಂದರೆ ಹೋರಿಗೆ ಇರುವಂಥದ್ದು, ಎತ್ತಿಗೆ ಇಲ್ಲದ್ದು. ಯಾರಾದರೂ ಬುರುಡೆ ಬಿಟ್ಟರೆ ಹಾಗನ್ನುವುದು. ವ್ಯಾಂಕರ್ ಎಂದರೆ ತನ್ನ ಕೈಯನ್ನೇ ಹೆಂಡತಿ ಮಾಡಿಕೊಂಡವನು. ಬಾಸು ದಿನಾ ಇವನ ಬೆನ್ನು ತಟ್ಟಿ ಹಾಗೇ ಕರೆಯುತ್ತಾನಂತೆ.

"ಇಷ್ಟು ಸಾಕಮ್ಮಾ," ಎಂದು ಎದ್ದ.

"ಎಲ್ಲಿಗೆ? ಕೂತ್ಕೊ. ಇನ್ನೊಂದು ಲೋಟ ಕಾಫಿ ತರ್ತೀನಿ."

ಉಪಯೋಗ

"ನನ್ನನ್ನ ಮಾತ್ರ ಒಂದು ದಿನವೂ ಬೈದಿಲ್ಲ ಅತ್ತೆ," ಎಂದು ಅಳಿಯಂದಿರು ಹಿಗ್ಗಿದರು. "ಬರೀ ಪ್ಲೀಸ್, ಥ್ಯಾಂಕ್ಯೂ. ನಾನೂ ಸರ್ ಅಂತಲೇ ಮಾತಾಡಿಸ್ತೀನಿ."

ಬಾಸನ್ನೂ ಹೆಸರು ಹಿಡಿದು ಕರೆಯುವ ಊರಲ್ಲಿ ಇವರೊಬ್ಬರದೇ ಸರ್! ನನಗೆ ಸಂಕಟವಾಯಿತು. ಇವರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬಾಸು ಬೇಡವೆಂದರೆ ಕೆಲಸದ ಹಿಂದೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗಿ, ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಬೇಕು.

"ಅವನು ಬೈಯೋದು ತನ್ನವರನ್ನ. ನಿಮ್ಮನ್ನ ದೂರ ಇಟ್ಟಿದಾನೆ," ಎಂದೆ.

"ಮರ್ಯಾದೆ ಕೊಟ್ರೆ ಇಷ್ಟ ಅಂತ ಅಲ್ವಾ ಅತ್ತೆ?"

"ಮದುವೆ ಆದಾಗಿಂದ ನಾನೂ ನಿಮಗೆ ನೀವು, ತಾವು ಅಂತಿದೀನಿ. ಇಷ್ಟ ಅಂದ್ಕೊಂಡಿದ್ರಾ?"

ಊಟ

ಬಾಸನ್ನು ಊಟಕ್ಕೆ ಕರೆಸಿದೆ. ಮೆಣಸಿನಕಾಯಿ ಬಜ್ಜಿ ಕಚ್ಚಿದ್ದೇ ಕೆಂಪಗಾಗಿ "ಬ್ಲಡಿ ಹೆಲ್!" ಎಂದ. "ಸಾರಿ ಸರ್, ಖಾರ ಏನಿಲ್ಲ ಸರ್," ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತಾ ಅಳಿಯಂದಿರು ಧೈರ್ಯ ತೋರಿಸಲು ಇಡೀ ಬಜ್ಜಿಯನ್ನೇ ಬಾಯಿಗೆ ತುರುಕಿಕೊಂಡರು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ "ಖಾರ ಇಲ್ಲ ಸರ್!"

"ಬೊಲಕ್ಸ್!" ಎಂದ ಬಾಸು, ಹೊಟ್ಟೆ ಹಿಡಿದು ನಗುತ್ತಾ. ಅಳಿಯಂದಿರ ಬೆನ್ನಿಗೊಂದು ಗುದ್ದು ಕೊಟ್ಟ. "ಯೂ ವ್ಯಾಂಕರ್! ನಿನ್ನಂಥವನನ್ನ ಬಿಡೋಕಾಗುತ್ತಾ? ಸೋಮವಾರವೇ ಖಾಯಂ ಮಾಡ್ತೀನಿ."

ಮಗಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದಳು. "ಅಮ್ಮಾ, ಕೊನೆಗೂ ಇವರನ್ನೂ ಬೈದ!" ಗಂಡನಿಗೆ ಬಿದ್ದ ಅಂಥ ಮಾತಿಗೆ ದೇವರ ಮುಂದೆ ತುಪ್ಪದ ದೀಪ ಹಚ್ಚಿದವಳು ಇವಳೊಬ್ಬಳೇ ಇರಬೇಕು.

ಹೊರಡುವಾಗ ಬಾಸು ನನ್ನ ಮುಂದೆ ನಿಂತು, ಕೈ ಮುಗಿದು, ಮೆಲ್ಲಗೆ ಅಂದ: "ಥ್ಯಾಂಕ್ಯೂ ಸೋ ಮಚ್, ಮೇಡಂ."

ನಾನು ಮಗಳತ್ತ ತಿರುಗಿದೆ.

"ಅಯ್ಯೋ, ನಾನೇನೇ ತಪ್ಪು ಮಾಡಿದೆ?"