ಅವ್ವನ ಮದುವೆ ಕುಬಸದ ಕಾಗದ

ಹಳೆಯ ಕಾಗದದ ವಯಸ್ಸು ಕಂಡುಹಿಡಿಯುವುದು ಏನು ಮಹಾ! ಹಳೆಯ ನಾಣ್ಯ, ಅಂಚೆಚೀಟಿ ಕೂಡಿಹಾಕಿ ಮನೆ ತುಂಬಿಸಿದವನು ನಾನು. ಮಗಳು ಪೂಜಾ, "ಅಪ್ಪಾ, ಅಜ್ಜಿ ತನ್ನ ಮದಿವ್ಯಾಗ ಹಾಕ್ಕೊಂಡಿದ್ಲಲ್ಲ, ನನ್ನ ಎಂಗೇಜ್‌ಮೆಂಟಿಗೆ ಅಂಥಾದ್ದ ಕುಬಸ ಬೇಕು" ಎಂದಾಗ, ಆ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ.

ಅವ್ವ ಒಂದು ಕಾಲಕ್ಕೆ ಓಣಿಗೆಲ್ಲ ಹೊಲಿದುಕೊಡುತ್ತಿದ್ದಳು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಗೆ ಕಾಗದ ಕತ್ತರಿಸಿಕೊಳ್ಳುವುದು ಅವಳ ಪದ್ಧತಿ. ಆ ಕಾಗದಗಳ ಗಂಟು ಹೊಲಿಗೆ ಮಷೀನಿನ ಖಾನೆಯಲ್ಲಿತ್ತು. ಅದರಲ್ಲಿ ಮದುವೆಯದು ಯಾವುದು? ಎಲ್ಲಕ್ಕಿಂತ ಹಳೆಯದು! ಇಷ್ಟು ಸರಳ.

ಭೂತಗನ್ನಡಿ ಹಿಡಿದು ಕುಳಿತೆ. ಪಕ್ಕದಲ್ಲೇ ಮೆಂತ್ಯ ಸೊಪ್ಪು ಸೋಸುತ್ತಿದ್ದ ಅವ್ವ, "ಏನ್ ಹುಡುಕಾಕತ್ತೀಪಾ?" ಎಂದಳು.

"ನಿನಗ ತಿಳಿಯಂಗಿಲ್ಲ ಬಿಡಬೇ. ಇದು ಸಂಶೋಧನಾ."

ಹೊಸ ಕ್ಯಾಲೆಂಡರ್ ಹಾಳೆಯದೊಂದು ಸಿಕ್ಕಿತು. ನಿನ್ನೆ ಮೊನ್ನೆಯದು ಎಂದು ರದ್ದಿಗೆ ಹಾಕಿದೆ. ಕೊನೆಗೆ ಬಂತು ನೋಡಿ, ಹಳದಿಗಟ್ಟಿದ ಪತ್ರಿಕೆ! ಮೂಲೆಯಲ್ಲಿ ಅವ್ವನ ಮದುವೆಯ ವರ್ಷವೇ ಅಚ್ಚಾಗಿತ್ತು. ಕುಣಿಯುವುದೊಂದು ಬಾಕಿ.

ಹೊಲಿಯಬೇಕಾದ ಹೆಂಡತಿ ಶಾಂತಾ ಅನುಮಾನ ತೆಗೆದಳು. "ಎದಿ ಭಾಳ ಸಣ್ಣ ಕಾಣ್ತೈತ್ರಿ. ಅತ್ತಿಯವರನ್ನ ಒಂದ್ ಮಾತು ಕೇಳೂಣು."

"ಆವಾಗ ಅವ್ವ ಕಡ್ಡಿ ಇದ್ದಂಗ ಇದ್ಲು, ಈಗ ಪೂಜಾ ಇಲ್ಲೇನ ಹಂಗ! ಮುದುಕಿ ನೆನಪಿಗಿಂತ ಅಚ್ಚಾದ ಪುರಾವೆ ದೊಡ್ಡದು. ಸುಮ್ನ ಕತ್ತರಿಸು!"

ಮೊಮ್ಮಗಳಿಗೆಂದೇ ಅವ್ವ ಜೋಪಾನ ಮಾಡಿದ್ದ ಒಂದೇ ಒಂದು ಗುಳೇದಗುಡ್ಡದ ಖಣಕ್ಕೆ ಕತ್ತರಿ ಬಿತ್ತು.

ಕುಬಸ ಸಿದ್ಧವಾಯಿತು. ತೋಳೇನೋ ಏರಿತು, ಮುಂದೆ ಹುಕ್ಕಿಗೂ ಕಾಜಕ್ಕೂ ಗೇಣು ಅಂತರ! ಪೂಜಾ ಉಸಿರು ಬಿಗಿಹಿಡಿದು ಎಳೆದಳು. ಪರ್! ಅವಳ ಅಳು ಕೇಳಿ ಅವ್ವ ಓಡಿಬಂದು ಕಾಗದ ನೋಡಿದಳು. ನನ್ನನ್ನು ನೋಡಿದಳು.

"ಏ ಹುಚ್ಚಪ್ಪಾ! ಇದು ನಿಂದ ಅಲ್ಲೇನೋ! ಸಾಲಿ ನಾಟಕದಾಗ ನೀ ರಾಣಿ ಆಗಿದ್ದಿಯಲ್ಲ, ಆವಾಗಿಂದು. ಕಾಗದ ಸಿಗಲಿಲ್ಲಂತ ನನ್ನ ಮದಿವಿ ಟ್ರಂಕಿನ ತಳಕ್ಕ ಹಾಸಿದ್ದ ಪೇಪರ್ ತಗದು ಕತ್ತರಿಸಿದ್ದೆ."

"ಮತ್ತ ನಿನ್ನ ಮದಿವೀದು?"

"ಅದು ಹರದಾಗೊಮ್ಮೆ ಹೊಸಾ ಕಾಗದದ ಮ್ಯಾಲ ಇಟ್ಟು ಕತ್ತರಿಸಿಕೋತೇನಿ. ಈಗ ಕ್ಯಾಲೆಂಡರ್ ಹಾಳ್ಯಾಗ ಐತಿ ನೋಡು."

ಕ್ಯಾಲೆಂಡರ್ ಹಾಳೆ ರದ್ದಿಯವನ ಗಾಡಿ ಹತ್ತಿ ಪಕ್ಕದ ಅಮರಗೋಳವನ್ನೂ ದಾಟಿತ್ತು. ಅಳುತ್ತಿದ್ದ ಮಗಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ನಿಮ್ಮ ಸಂಶೋಧನಾಕ್ಕ ಬೆಂಕಿ ಹಚ್ಚಲಿ!" ಎಂದಳು ಶಾಂತಾ. "ಆಕಿಗೆ ಪ್ಯಾಟ್ಯಾಗ ರೆಡಿಮೇಡ್ ತರ್ತೇನಿ. ಇದನ್ನ ನೀವ ಹಾಕ್ಕೊಂಡ್ ಬರ್ರಿ. ನಿಮ್ದ ಅಳತಿ ಐತಲ್ಲ!"

ಎಲ್ಲರೂ ಪೇಟೆಗೆ ಹೋದ ಮೇಲೆ ಬಾಗಿಲು ಹಾಕಿ, ಆ ಕುಬಸ ತೊಟ್ಟು ನೋಡಿದೆ.

ನನಗೂ ಆಗಲಿಲ್ಲ!