ತೊಂಬತ್ತರ ಹಳದಿ ಚೀಟಿ

ಎಲ್ಲ ಅನಾಹುತಕ್ಕೂ ಕಾರಣ ಒಣಗಿಹೋದ ಒಂದಿಷ್ಟು ಅಂಟು.

ಆಫೀಸಿನ ಗೋಡೆಯ ಮೇಲೊಂದು ಬಿಳಿ ಬೋರ್ಡು. ಅದರಲ್ಲಿ ಮೂರು ಮನೆ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಯಾರ ಕೆಲಸ ಎಲ್ಲಿಗೆ ಬಂತೋ ಅವರ ಅಂಟುಚೀಟಿ ಆ ಮನೆಯಲ್ಲಿ; ಮೊದಲೆರಡು ಮನೆ ಸದಾ ಭರ್ತಿ. ಪ್ರತಿ ಬೆಳಿಗ್ಗೆ ತಂಡದ ಐದೂ ಜನ ಅದರ ಮುಂದೆ ನಿಂತುಕೊಂಡೇ ವರದಿ ಒಪ್ಪಿಸಬೇಕು. ಕೂತರೆ ಮಾತು ಬೆಳೆಯುತ್ತದಂತೆ. ನಮ್ಮ ಪ್ರೋಗ್ರಾಮರ್‌ನ ಹಳದಿ ಚೀಟಿ ಹನ್ನೊಂದು ದಿನದಿಂದ ನಡುಮನೆಯಲ್ಲೇ ಬೇರು ಬಿಟ್ಟಿತ್ತು. ಕೇಳಿದಾಗಲೆಲ್ಲ "ತೊಂಬತ್ತು ಪರ್ಸೆಂಟ್ ಆಗಿದೆ" ಎನ್ನುತ್ತಿದ್ದ. ಅವನ ಹೆಸರೇ ತೊಂಬತ್ತು ಎಂದಾಗಿತ್ತು.

ಅಂದು ಐವರಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯುವ ದಿನ. ಬೋರ್ಡು ನೋಡಿಯೇ ತೀರ್ಮಾನವೆಂದು ಸುದ್ದಿ. ತೊಂಬತ್ತು ಮನೆಯಿಂದ ಹೊರಡುವಾಗ ಅವನ ಹೆಂಡತಿ, "ನೌಕರಿ ಉಳಿದ್ರೆ ಸಂಜೆ ಫೋನ್ ಮಾಡಿ. ಇಲ್ದಿದ್ರೆ ಬೇಡ, ಅತ್ತೆ ಎತ್ತಿಬಿಡ್ತಾರೆ. ಅವರ ಹಾರ್ಟು ಮೊದಲೇ ಸರಿಯಿಲ್ಲ" ಎಂದಿದ್ದಳು.

ಬೋರ್ಡು ನೋಡಿದ ತೊಂಬತ್ತು ಕಣ್ಣುಜ್ಜಿಕೊಂಡ. ಅವನು ಮುಟ್ಟದಿದ್ದರೂ ಅವನ ಚೀಟಿ ಕೊನೆಯ ಮನೆಯಲ್ಲಿತ್ತು, ಖಾಲಿ ಬಸ್ಸಿನ ಒಬ್ಬನೇ ಪ್ರಯಾಣಿಕನಂತೆ.

"ಅಂತೂ ತೊಂಬತ್ತು ನೂರಾಯ್ತಲ್ಲ!" ಲೀಡರ್ ಮೇಡಂ ಚಪ್ಪಾಳೆ ತಟ್ಟಿದರು. "ನಾಲ್ಕಕ್ಕೆ ಮ್ಯಾನೇಜರ್ ಬಂದು ನೋಡ್ತಾರೆ."

"ಮೇಡಂ, ಅದು..."

ಪಕ್ಕದಲ್ಲಿದ್ದ ಟೆಸ್ಟರ್ ಅವನ ಕಾಲು ತುಳಿದ. "ಸುಮ್ನಿರಿ ಸಾರ್! ನಾಲ್ಕರೊಳಗೆ ಮುಗಿಸಿಬಿಡಿ, ಯಾರಿಗೆ ಗೊತ್ತಾಗುತ್ತೆ?"

ಅವನ ಕೆಲಸ ಇಷ್ಟೇ: ಪಾಸ್‌ವರ್ಡ್ ಮರೆತವರಿಗೆ ಒಂದು ಸಂದೇಶ ಹೋಗಬೇಕು. ಇವನ ಪ್ರೋಗ್ರಾಮಿನಿಂದ ಮೂರು ಹೋಗುತ್ತಿದ್ದವು. ಡಿಸೈನರ್ ಹುಡುಗಿ ಬಂದು ಸಲಹೆ ಕೊಟ್ಟಳು, ಒಂಬತ್ತಾದವು. ಟೆಸ್ಟರ್ ಬಂದು ಕೈಹಾಕಿದ, ಒಂದೂ ಹೋಗದಾಯಿತು. ಇಬ್ಬರನ್ನೂ ಕೈಮುಗಿದು ಸಾಗಹಾಕಿ, ಊಟ ಬಿಟ್ಟು ಕೂತ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಒಂದು, ಒಂದೇ ಒಂದು ಸಂದೇಶ ಹೋಯಿತು. ಹೆರಿಗೆ ಕೋಣೆಯ ಹೊರಗೆ ಮಗುವಿನ ಅಳು ಕೇಳಿದವನಂತೆ ಕಣ್ಣೊರೆಸಿಕೊಂಡ.

ಮ್ಯಾನೇಜರ್ ಬಂದರು, ಕೆಲಸ ನೋಡಿದರು, ಬೋರ್ಡನ್ನೂ ನೋಡಿದರು.

"ಈ ನಾಲ್ವರದೂ ಅರ್ಧದಲ್ಲಿದೆ. ಇವರನ್ನ ಕಳಿಸಿದ್ರೆ ನಾಳೆ ಯಾರು ಮಾಡ್ತಾರೆ? ನಿಮ್ದೊಂದೇ ಮುಗಿದಿರೋದು. ನಾಳೆಯಿಂದ ನೀವು ಬರೋದು ಬೇಡ."

"ಸಾರ್, ನಿಜ ಹೇಳ್ಬೇಕಂದ್ರೆ ಅದು ತೊಂಬತ್ತೇ ಪರ್ಸೆಂಟ್..."

"ನಾನೇ ನೋಡಿದೆನಲ್ರೀ, ನೂರಕ್ಕೆ ನೂರು!" ಎಂದು ಅವರು ಕೈ ಕುಲುಕಿದರು.

ಟೆಸ್ಟರ್ ತಿಂಗಳಿಂದ ನಡುಮನೆಯಲ್ಲಿದ್ದ ತನ್ನ ಚೀಟಿಯನ್ನು ಹೆಬ್ಬೆರಳಿನಿಂದ ಇನ್ನಷ್ಟು ಒತ್ತುತ್ತಿದ್ದ.

ಚೀಲ ಹಿಡಿದು ಹೊರಟವನನ್ನು ಬಾಗಿಲಲ್ಲಿ ಕಸ ಗುಡಿಸುವಾಕೆ ತಡೆದಳು. "ಸಾರ್, ನಿಮ್ಮ ಚೀಟಿ ಬೆಳಿಗ್ಗೆ ನೆಲಕ್ಕೆ ಬಿದ್ದಿತ್ತು. ಗುಡಿಸಿ ಹಾಕೋಕೆ ಮನಸ್ಸು ಬರ್ಲಿಲ್ಲ, ನಾನೇ ಅಂಟಿಸ್ದೆ. ಸರಿಯಾಗಿತ್ತಾ?"

"ಆ ಮನೇಲೇ ಯಾಕಮ್ಮ ಅಂಟಿಸ್ದೆ?"

"ಇನ್ನೆರಡರಲ್ಲಿ ಜಾಗ ಎಲ್ಲಿತ್ತು ಸಾರ್?"

ಹೊರಗೆ ಬಂದು ಜೇಬಿನಿಂದ ಫೋನು ತೆಗೆದ. ಹಾಗೆಯೇ ಒಳಗಿಟ್ಟ.