ಸೊಂಟನೋವೆಂದು ಬರೆದವಳಿಂದ ಶೌಚಾಲಯದ ಬೀಗದಕೈಗೆ

ಮಾನ್ಯ ಬೀಗದಕೈಯವರೇ,

ಮೇಲ್ವಿಚಾರಕರ ಕುರ್ಚಿಯ ಹಿಂದಿನ ಮೊಳೆಯಲ್ಲಿ ಸದಾ ಸುಖವಾಗಿ ನೇತಾಡುತ್ತಿರುವ ತಮಗೆ, ಕಾಜಾ-ಗುಂಡಿ ವಿಭಾಗದ ಹಿರಿಯ ಕೆಲಸಗಾರ್ತಿಯಾದ ನಾನು ಮಾಡುವ ಅನಂತ ನಮಸ್ಕಾರಗಳು. ನಮ್ಮ ಈ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅರವತ್ತು ಹೆಂಗಸರಿಗೆ ಒಂದೇ ಶೌಚಾಲಯ, ಅದಕ್ಕೆ ತಾವೊಬ್ಬರೇ ದಿಕ್ಕು. ಯಾರೂ ಮರೆತು ಮನೆಗೆ ಒಯ್ಯದಿರಲೆಂದು ತಮ್ಮನ್ನು ಲಟ್ಟಣಿಗೆಯಷ್ಟು ಉದ್ದದ ಮರದ ತುಂಡಿಗೆ ಕಟ್ಟಿರುವುದರಿಂದ, ತಮ್ಮನ್ನು ಹಿಡಿದು ಹೊಲಿಗೆ ಯಂತ್ರಗಳ ನಡುವೆ ನಡೆಯುವುದೆಂದರೆ ಮೆರವಣಿಗೆಯೇ ಸರಿ, ವಾದ್ಯದವರದೊಂದು ಕೊರತೆ.

ರಿಜಿಸ್ಟರಿನಲ್ಲಿ ಹೆಸರು, ಹೋದ ಹೊತ್ತು, ಬಂದ ಹೊತ್ತು ಎಂದು ಗೆರೆ ಎಳೆದಿಟ್ಟಿರುವ ತಮ್ಮ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಮೂತ್ರಕೋಶಕ್ಕೆ ಮಾತ್ರ ಓದುಬರಹ ಬಾರದು. ನಾನು ಹೋದ ಹೊತ್ತು ಬರೆಯುವಷ್ಟರಲ್ಲಿ ಅದು ಹೊರಟೇಬಿಟ್ಟಿರುತ್ತದೆ. ಕೆಮ್ಮಿದರೆ, ಸೀನಿದರೆ, ನಕ್ಕರೆ ಒದ್ದೆ. ಹಾಗಾಗಿ ಒಂಬತ್ತು ವರ್ಷದಿಂದ ನಗುವುದನ್ನೇ ಬಿಟ್ಟಿದ್ದೇನೆ. ಪಕ್ಕದ ಮೇಜಿನವಳು ತಮಾಷೆ ಶುರುಮಾಡಿದೊಡನೆ ತೊಡೆ ಬಿಗಿಹಿಡಿದು ಗೋಡೆ ನೋಡುತ್ತೇನೆ. ಅದಕ್ಕೇ ಇಲ್ಲಿ ಎಲ್ಲರೂ ನನ್ನನ್ನು ಗಂಭೀರಮ್ಮ ಎನ್ನುವುದು. ಹೊಸಬರು ಹೆದರುವುದೂ ಉಂಟು.

ಇಷ್ಟೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಮೂರು ಹೆರಿಗೆ ಕಂಡ ಗರ್ಭಕೋಶವೂ ಜಾರಿ ಕೆಳಗಿಳಿದಿದೆ. ಇದನ್ನು ನಾಲ್ಕು ಜನರ ಮುಂದೆ ಹೇಳುವುದು ಹೇಗೆ? ರಜೆ ಅರ್ಜಿಯಲ್ಲಿ 'ಕಾರಣ' ಎಂದಿರುವ ಜಾಗದಲ್ಲಿ ನಾವು ಹೆಂಗಸರೆಲ್ಲ ಬರೆಯುವ ಮರ್ಯಾದಸ್ಥ ಪದ 'ಸೊಂಟನೋವು'. ನನಗೆ ಅತ್ತೆಯೇ ಹೇಳಿಕೊಟ್ಟದ್ದು. ನಾಲ್ಕು ಸಲ ಅದನ್ನೇ ಬರೆದೆ. ಕರುಣಾಳುಗಳಾದ ಮೇಲ್ವಿಚಾರಕರು, ಕೂತು ಕೂತು ಸೊಂಟ ಹಿಡಿದಿರಬೇಕೆಂದು ಬಗೆದು, ಮೈಗೆ ವ್ಯಾಯಾಮವಾಗಲೆಂದು ನನ್ನನ್ನು ಗುಂಡಿ ಮೇಜಿನಿಂದ ಎಬ್ಬಿಸಿ ಬಟ್ಟೆಯ ಬಂಡಲ್ ಹೊರುವ ಕೆಲಸಕ್ಕೆ ಹಾಕಿದರು. ಅವರ ಒಳ್ಳೆಯತನಕ್ಕೆ ತಲೆಬಾಗಿದ ನನ್ನ ಗರ್ಭಕೋಶ ಇನ್ನೆರಡು ಬೆರಳು ಕೆಳಗಿಳಿಯಿತು.

ಕೊನೆಗೆ ಡಾಕ್ಟರಮ್ಮನ ಬಳಿ ಹೋದೆ. ಅವರು ಒಳಸ್ನಾಯು ಬಿಗಿಯುವ ವ್ಯಾಯಾಮ ಹೇಳಿಕೊಟ್ಟರು, ಆಸರೆಗೆ ರಬ್ಬರಿನ ಉಂಗುರ ಇಟ್ಟು ನೋಡಿದರು, ಉಂಗುರ ನಿಲ್ಲಲಿಲ್ಲ. ಇನ್ನು ಆಪರೇಷನ್ನೇ. ಸಡಿಲಾದ ಒಳಗೋಡೆಯನ್ನು ಎಳೆದು ಹೊಲಿದು, ಮೂತ್ರನಾಳದ ಕೆಳಗೆ ಒಂದು ಪಟ್ಟಿ ಕೊಡುತ್ತಾರಂತೆ. ಜೀವಮಾನವಿಡೀ ಬಟ್ಟೆಗೆ ಪಟ್ಟಿ ಕೊಟ್ಟವಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಹೊಲಿಗೆ ಎಷ್ಟು ಬಿಗಿ ಇಡುತ್ತೀರೆಂದು ಕೇಳಿದ್ದಕ್ಕೆ ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ.

ಮನೆಗೆ ಬಂದು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮಡಚುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, "ನಂಗೂ ಹಾಗೇ ಕಣೇ, ನಿನ್ನ ಗಂಡ ಹುಟ್ಟಿದಾಗಿನಿಂದ" ಎಂದರು. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಬ್ಬರಿಗೊಬ್ಬರು ಸೊಂಟಕ್ಕೆ ಬಿಸಿನೀರಿನ ಚೀಲ ಕೊಟ್ಟುಕೊಂಡು ಬಂದಿದ್ದೇವೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಆದ್ದರಿಂದ ತಮ್ಮಲ್ಲಿ ವಿನಂತಿ. ತಾವು ದಯಮಾಡಿ ಎರಡು ಕಾಲು ಬೆಳೆಸಿಕೊಂಡು ಕರೆದಲ್ಲಿಗೆ ಓಡಿ ಬರಬೇಕು. ಆಗದಿದ್ದರೆ ಮರಿ ಹಾಕಿ ಮೇಜಿಗೊಂದರಂತೆ ಹಂಚಿಹೋಗಬೇಕು. ಅದೂ ಆಗದಿದ್ದರೆ, ಬರುವ ಸೋಮವಾರದ ಆಪರೇಷನ್ನಿಗೆ ನಾನು ಕೇಳಿರುವ ಆರು ವಾರದ ರಜೆಗೆ ತಾವೇ ಸಹಿ ಹಾಕಬೇಕು. ಏಕೆಂದರೆ ಈ ಸಲ ಅರ್ಜಿಯಲ್ಲಿ ನಿಜವಾದ ಕಾರಣ ಬರೆದಿದ್ದೇನೆ, ಮೇಲ್ವಿಚಾರಕರು ಅದನ್ನೋದಿ ಕಿವಿ ಕೆಂಪಗೆ ಮಾಡಿಕೊಂಡು, ಸೊಂಟನೋವು ಎಂದೇ ತಿದ್ದಿ ತನ್ನಿ ಎಂದು ಹಿಂದಿರುಗಿಸಿದ್ದಾರೆ. ನಾನು ತಿದ್ದುವುದಿಲ್ಲ. ತಿದ್ದಿದರೆ, ಭಾರ ಎತ್ತಬೇಡಿ ಎಂದು ಹೇಳಿಸಿಕೊಂಡು ಬಂದವಳಿಗೆ ಮತ್ತೆ ಅದೇ ಬಂಡಲ್ ಹೊರುವ ವ್ಯಾಯಾಮ ಕಾದಿರುತ್ತದೆ.

ನಗಲು ಸೋಮವಾರವನ್ನೇ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಗಂಭೀರಮ್ಮ

ತಾ.ಕ. (ಮಧ್ಯಾಹ್ನ ಸೇರಿಸಿದ್ದು): ಈ ಪತ್ರವನ್ನು ಬೆಳಿಗ್ಗೆ ತಮ್ಮದೇ ಮೊಳೆಗೆ ಸಿಕ್ಕಿಸಿದ್ದೆ. ತಮ್ಮನ್ನು ತೆಗೆಯಲು ಬಂದವರಲ್ಲಿ ಹನ್ನೊಂದು ಮಂದಿ ಇದನ್ನೋದಿ, ರಿಜಿಸ್ಟರಿನಲ್ಲಿ ತಂತಮ್ಮ ಹೆಸರಿನ ಮುಂದೆ 'ನನಗೂ' ಎಂದು ಬರೆದುಹೋಗಿದ್ದಾರೆ. ಹನ್ನೊಂದನೆಯವರು ಪ್ಯಾಕಿಂಗ್ ವಿಭಾಗದಲ್ಲಿರುವ ಮೇಲ್ವಿಚಾರಕರ ಹೆಂಡತಿ. ಹೆಂಡತಿಯ ಸೊಂಟಕ್ಕೆ ಮೇಲ್ವಿಚಾರಕರು ಆರು ವರ್ಷದಿಂದ ಮುಲಾಮು ತಿಕ್ಕುತ್ತಿದ್ದಾರಂತೆ. ನನ್ನ ಅರ್ಜಿಯನ್ನು ತಿದ್ದದೆ ಮರಳಿ ಅವರ ಮೇಜಿನ ಮೇಲಿಟ್ಟಿದ್ದೇನೆ, ಪಕ್ಕದಲ್ಲಿ ಇನ್ನೊಂದು ಖಾಲಿ ಅರ್ಜಿಯನ್ನೂ.